ಕಷ್ಟಕಾಲದಲ್ಲಿ ವಾಚನ ನಿಯಮ

ವರ್ಷಾರಂಭದಲ್ಲಿ ಇಷ್ಟು ಪುಸ್ತಕಗಳನ್ನು ಓದಿ ಮುಗಿಸುವೆನೆಂದು ಸಂಖ್ಯೆಯನ್ನು ನಿಶ್ಚಯಿಸಿ, ವರ್ಷಾಂತ್ಯದಲ್ಲಿ ಅದರ ಲೆಕ್ಕವನ್ನು ನೋಡಿಕೊಳ್ಳುವ ಪದ್ಧತಿಯು ಇಂದು ವಿದ್ಯಾವಂತರಲ್ಲಿ ಬಹಳವಾಗಿ ಹಬ್ಬಿದೆ. ಗುಡ್‌ರೀಡ್ಸ್ ಎಂಬ ಅಂತರ್ಜಾಲ ತಾಣವು 2011ರಲ್ಲಿ ಇಂತಹ ವಾರ್ಷಿಕ ಸವಾಲನ್ನು ತನ್ನ ಓದುಗರ ಮುಂದಿಟ್ಟಿತು. ಹನ್ನೆರಡು, ಇಪ್ಪತ್ತೈದು, ವಾರಕ್ಕೊಂದರಂತೆ ಐವತ್ತೆರಡು, ಹೀಗೆ ತಮತಮಗೆ ತೋರಿದ ಸಂಖ್ಯೆಯನ್ನು ಜನರು ಬರೆದಿಡುತ್ತಾರೆ. ಶ್ರಾವಕರ ಮನೆಗಳಿಗೆ ಇದು ತೀರ ಹೊಸತಲ್ಲ. ದೇವಪೂಜೆ, ಗುರೂಪಾಸ್ತಿ, ಸ್ವಾಧ್ಯಾಯ, ಸಂಯಮ, ತಪಸ್ಸು, ದಾನ ಎಂಬ ಗೃಹಸ್ಥರ ಷಟ್ಕರ್ಮಗಳಲ್ಲಿ ಸ್ವಾಧ್ಯಾಯವೂ ಒಂದು. ಇಂತಿಷ್ಟು ಪುಟ, ಇಂತಿಷ್ಟು ಶ್ಲೋಕ ಎಂದು ನಿಯಮ ಹಿಡಿದವರು ಹಿಂದೆಯೂ ಇದ್ದರು, ಇಂದೂ ಇದ್ದಾರೆ.

ನಿಯಮವನ್ನು ಹಿಡಿಯುವಾಗ ಮನೆಯಲ್ಲಿ ಎಲ್ಲರೂ ಸುಖವಾಗಿರುತ್ತಾರೆ. ವರ್ಷದ ನಡುವೆ ರೋಗವೋ, ಮರಣವೋ, ವ್ಯಾಪಾರದ ನಷ್ಟವೋ ಬಂದೊದಗಿದಾಗ ಪುಸ್ತಕವು ಮುಚ್ಚಿಯೇ ಉಳಿಯುತ್ತದೆ. 2020ರಲ್ಲಿ ಮಹಾಮಾರಿಯು ಹರಡಿ ಮಾರ್ಚ್ 25ರಿಂದ ದೇಶವ್ಯಾಪಿ ನಿರ್ಬಂಧ ಜಾರಿಯಾದಾಗ ಬಸದಿಗಳಲ್ಲಿ ಸಾಮೂಹಿಕ ಪೂಜೆ ನಿಂತಿತು, ಗ್ರಂಥಾಲಯಗಳು ಮುಚ್ಚಿದವು. ಮನೆಯಲ್ಲಿಯೇ ಇದ್ದು ಹೆಚ್ಚು ಓದಬಹುದೆಂದು ಮೊದಲಲ್ಲಿ ಅನೇಕರು ಎಣಿಸಿದರು. ಆದರೆ ಕೈಯಲ್ಲಿ ಪುಸ್ತಕವಿದ್ದರೂ ಮನಸ್ಸು ಒಂದು ಪುಟದಲ್ಲಿಯೂ ನಿಲ್ಲದೆಹೋದುದು ಬಹುಜನರ ಅನುಭವವಾಯಿತು. ಹೀಗಿರುವಲ್ಲಿ ಹಿಡಿದ ಸಂಖ್ಯೆಯನ್ನು ಹೇಗಾದರೂ ಪೂರೈಸಬೇಕೇ? ತಗ್ಗಿಸಬಹುದೇ? ತಗ್ಗಿಸಿದರೆ ಅದು ವ್ರತಭಂಗವೇ? ಈ ಪ್ರಶ್ನೆಯು ವಿಚಾರಕ್ಕೆ ಯೋಗ್ಯವಾದುದು.

ಮೊಟ್ಟಮೊದಲು ನಿಯಮವೆಂದರೇನೆಂಬುದನ್ನು ತಿಳಿಯಬೇಕು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಭೋಗೋಪಭೋಗಗಳ ಪರಿಮಾಣವನ್ನು ಕುರಿತು ಹೇಳುವಾಗ, ಕಾಲದ ಮಿತಿಯುಳ್ಳದ್ದನ್ನು ನಿಯಮವೆಂದೂ ಜೀವಾವಧಿ ಧರಿಸುವುದನ್ನು ಯಮವೆಂದೂ ವಿಭಾಗಿಸಿದ್ದಾರೆ. ನಿಯಮದ ಅವಧಿಯಾಗಿ ಒಂದು ಹಗಲು, ಒಂದು ರಾತ್ರಿ, ಪಕ್ಷ, ಮಾಸ, ಋತು, ಅಯನಗಳನ್ನು ಎಣಿಸಿದ್ದಾರೆ. ದೇಶಾವಕಾಶಿಕದ ಪ್ರಕರಣದಲ್ಲಿ ಸಂವತ್ಸರವೂ ಬರುತ್ತದೆ, ಅದರೊಡನೆ ಪಕ್ಷವೂ ನಕ್ಷತ್ರವೂ ಬರುತ್ತವೆ. ಇದರಿಂದ ತಿಳಿದುಬರುವುದೇನೆಂದರೆ, ದೀರ್ಘವಾದುದೇ ಶ್ರೇಷ್ಠ, ಹ್ರಸ್ವವಾದುದು ಕನಿಷ್ಠ ಎಂಬ ಭಾವನೆಯಿಂದ ಆಚಾರ್ಯರು ಕಾಲವನ್ನು ಅಳೆಯಲಿಲ್ಲ. ಒಂದು ರಾತ್ರಿಯ ನಿಯಮವೂ ನಿಯಮವೇ. ಧರಿಸುವವನು ತನ್ನ ಶಕ್ತಿಯನ್ನರಿತು ಅವಧಿಯನ್ನು ಆರಿಸಿಕೊಳ್ಳಬೇಕು. ತೀರ್ಥಂಕರತ್ವಕ್ಕೆ ಕಾರಣವಾದ ಷೋಡಶ ಭಾವನೆಗಳಲ್ಲಿಯೂ ತ್ಯಾಗ ತಪಸ್ಸುಗಳಿಗೆ ಶಕ್ತಿಗನುಸಾರವಾದವು ಎಂಬ ವಿಶೇಷಣವಿದೆ. ಅವುಗಳ ಜೊತೆಯಲ್ಲಿಯೇ ನಿರಂತರ ಜ್ಞಾನೋಪಯೋಗವೂ ಹೇಳಲ್ಪಟ್ಟಿದೆ.

ಇಲ್ಲಿ ಒಂದು ಭೇದವನ್ನು ಮರೆಯಲಾಗದು. ಗುರುಗಳ ಸನ್ನಿಧಿಯಲ್ಲಿ ಅಥವಾ ಜಿನಬಿಂಬದ ಮುಂದೆ ವಿಧಿಪೂರ್ವಕವಾಗಿ ಸ್ವೀಕರಿಸಿದ ಪ್ರತಿಜ್ಞೆ ಒಂದು, ಉತ್ಸಾಹದಿಂದ ತಾನೇ ಬರೆದಿಟ್ಟುಕೊಂಡ ಗುರಿ ಇನ್ನೊಂದು. ಮೊದಲನೆಯದನ್ನು ಸ್ವೇಚ್ಛೆಯಿಂದ ಬದಲಿಸುವುದು ಸಲ್ಲದು. ಕಷ್ಟವೊದಗಿದಲ್ಲಿ ಗುರುಗಳಿಗೆ ಇದ್ದುದನ್ನು ಇದ್ದಂತೆ ನಿವೇದಿಸಿ ಅವರ ಆಜ್ಞೆಯಂತೆ ನಡೆಯಬೇಕು. ತತ್ತ್ವಾರ್ಥಸೂತ್ರವು ಹೇಳುವ ಒಂಬತ್ತು ಬಗೆಯ ಪ್ರಾಯಶ್ಚಿತ್ತಗಳಲ್ಲಿ ಮೊದಲನೆಯದು ಆಲೋಚನೆ, ಅಂದರೆ ದೋಷವನ್ನು ಮುಚ್ಚದೆ ಗುರುವಿನ ಮುಂದೆ ಹೇಳಿಕೊಳ್ಳುವುದು. ಎರಡನೆಯದಾದ ಗುರಿಯನ್ನು ತಗ್ಗಿಸಿದರೆ ವ್ರತಭಂಗವಾಗದು. ಆದರೆ ಅಲ್ಲಿಯೂ ತನ್ನೊಡನೆ ತಾನು ಸತ್ಯವಾಗಿರುವ ಹೊಣೆಯು ತಪ್ಪದು.

ಸಂಖ್ಯೆಯೇ ದೋಷವೆಂದು ಹೇಳುವುದು ಉಚಿತವಲ್ಲ. ಹತ್ತನೆಯ ಶತಮಾನದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದು ಕನ್ನಡನಾಡಿನಲ್ಲಿ ಪ್ರಸಿದ್ಧವಾಗಿದೆ. ಅಲ್ಲಿಯೂ ಸಂಖ್ಯೆಯಿತ್ತು. ಆದರೆ ಗ್ರಂಥವು ಅಳಿಯದಿರಲಿ, ಅನೇಕರ ಕೈಗೆ ಸೇರಲಿ ಎಂಬುದಕ್ಕೆ ಆ ಸಂಖ್ಯೆಯು ಸಾಧನವಾಗಿತ್ತು. ಸಾಧನವು ಸಾಧ್ಯದ ಸ್ಥಾನದಲ್ಲಿ ಕುಳಿತಾಗ ಕೇಡು ಆರಂಭವಾಗುತ್ತದೆ.

ಇದನ್ನು ಲೆಕ್ಕದಿಂದಲೇ ನೋಡಬಹುದು. ಸುಮಾರು ಇನ್ನೂರು ಪುಟಗಳ ಐವತ್ತೆರಡು ಪುಸ್ತಕಗಳೆಂದರೆ 10,400 ಪುಟಗಳು, ದಿನಕ್ಕೆ ಇಪ್ಪತ್ತೆಂಟು ಇಪ್ಪತ್ತೊಂಬತ್ತು ಪುಟಗಳು. ಮನೆಯಲ್ಲಿ ರೋಗಿಯ ಆರೈಕೆಯಿಂದ ಆರು ತಿಂಗಳು ಓದು ನಿಂತಿತೆಂದು ಭಾವಿಸಿದರೆ, ಉಳಿದ ಅರ್ಧವರ್ಷದಲ್ಲಿ ಅದೇ ಸಂಖ್ಯೆಯನ್ನು ಮುಟ್ಟಲು ದಿನಕ್ಕೆ ಐವತ್ತೇಳು ಪುಟಗಳಾಗುತ್ತವೆ. ದಣಿದ ಶರೀರ, ಕದಡಿದ ಮನಸ್ಸು, ಇಮ್ಮಡಿಯಾದ ಭಾರ! ಆಗ ಓದುವವನು ಗ್ರಂಥವನ್ನು ಯೋಗ್ಯತೆಯಿಂದ ಆರಿಸದೆ ಅದು ತೆಳುವಾಗಿದೆಯೇ ಎಂದು ನೋಡಿ ಆರಿಸುತ್ತಾನೆ. ಅರ್ಥವಾಗದ ಪುಟವನ್ನು ದಾಟಿಹೋಗುತ್ತಾನೆ. ಕಡೆಗೆ ಓದದುದನ್ನೂ ಓದಿದೆನೆಂದು ಬರೆದುಬಿಡುತ್ತಾನೆ. ಜ್ಞಾನಕ್ಕಾಗಿ ತೊಡಗಿದ ಕಾರ್ಯವು ಮಾನಕಷಾಯಕ್ಕೆ ಆಹಾರವಾಗಿ, ಮಾಯಾಕಷಾಯದಲ್ಲಿ ಮುಗಿಯುತ್ತದೆ. ಸಂಖ್ಯೆ ಪೂರ್ಣವಾಯಿತು, ಸತ್ಯವು ಹೋಯಿತು. ಈ ನಷ್ಟದ ಮುಂದೆ ಓದದೆ ಉಳಿದ ಹತ್ತು ಪುಸ್ತಕಗಳು ಅಲ್ಪವೇ ಸರಿ.

ಉಪವಾಸವನ್ನು ಬಲ್ಲ ಮನೆತನಗಳಿಗೆ ಇದಕ್ಕೆ ಪರಿಹಾರವನ್ನು ದೂರದಲ್ಲಿ ಹುಡುಕಬೇಕಾಗಿಲ್ಲ. ಬಾಹ್ಯತಪಸ್ಸಿನ ಆರು ಭೇದಗಳಲ್ಲಿ ಅನಶನದ ಬಳಿಕ ಅವಮೌದರ್ಯವು ಬರುತ್ತದೆ. ಉಣ್ಣದಿರುವುದು ಒಂದು ತಪಸ್ಸು, ಹಸಿವಿಗಿಂತ ಕಡಮೆ ಉಣ್ಣುವುದೂ ಒಂದು ತಪಸ್ಸು. ಅಷ್ಟಮಿ ಚತುರ್ದಶಿಗಳಲ್ಲಿ ನಿರಾಹಾರ ಉಪವಾಸ ಮಾಡಲಾರದ ವೃದ್ಧರು, ರೋಗಿಗಳು ಏಕಾಶನ ಮಾಡುತ್ತಾರೆ. ಅವರನ್ನು ಯಾರೂ ವ್ರತಹೀನರೆನ್ನುವುದಿಲ್ಲ. ಪರ್ವದ ಸ್ಮರಣೆಯೂ ಆದರವೂ ಅವರಲ್ಲಿ ಉಳಿದಿರುವುದೇ ಕಾರಣ. ಸಾಮಾಯಿಕ ಮತ್ತು ಪ್ರೋಷಧೋಪವಾಸಗಳ ಅತಿಚಾರಗಳಲ್ಲಿ ಅನಾದರವನ್ನೂ ವಿಸ್ಮರಣೆಯನ್ನೂ ಸೂತ್ರಕಾರರು ಸೇರಿಸಿದ್ದಾರೆಂಬುದು ಗಮನಾರ್ಹ. ಪರಿಮಾಣವು ತಗ್ಗಿದುದಕ್ಕಿಂತ ಆದರವು ಕುಗ್ಗಿದುದು ಹೆಚ್ಚಿನ ಹಾನಿಯೆಂಬ ಪಾಠವು ಓದಿನ ನಿಯಮಕ್ಕೂ ಒಪ್ಪುತ್ತದೆ.

ಇನ್ನೊಂದು ಸೂಕ್ಷ್ಮವಿದೆ. ಆಭ್ಯಂತರ ತಪಸ್ಸುಗಳ ಕ್ರಮವು ಪ್ರಾಯಶ್ಚಿತ್ತ, ವಿನಯ, ವೈಯಾವೃತ್ತ್ಯ, ಸ್ವಾಧ್ಯಾಯ, ವ್ಯುತ್ಸರ್ಗ, ಧ್ಯಾನ ಎಂದಿದೆ. ಸ್ವಾಧ್ಯಾಯಕ್ಕೆ ತೀರ ಹತ್ತಿರದಲ್ಲಿ, ಅದರ ಹಿಂದೆಯೇ, ಸೇವಾರೂಪವಾದ ವೈಯಾವೃತ್ತ್ಯವು ನಿಂತಿದೆ. ಸೂತ್ರದಲ್ಲಿ ಅದು ಆಚಾರ್ಯ, ಉಪಾಧ್ಯಾಯ ಮೊದಲಾದ ಹತ್ತು ಬಗೆಯ ಮುನಿಗಳ ಸೇವೆಯನ್ನು ಕುರಿತದ್ದು ನಿಜ. ಆ ಹತ್ತರಲ್ಲಿ ಗ್ಲಾನ, ಅಂದರೆ ರೋಗಪೀಡಿತ ಮುನಿಯೂ ಸೇರಿದ್ದಾನೆ. ರೋಗಿಯ ಸೇವೆಯನ್ನು ತಪಸ್ಸೆಂದು ಕಂಡ ದೃಷ್ಟಿಯು ಗೃಹಸ್ಥನಿಗೂ ದಾರಿ ತೋರದೆ ಇರದು. ಹಾಸಿಗೆ ಹಿಡಿದ ಅತ್ತೆಗೆ ಸೂರ್ಯಾಸ್ತಕ್ಕೆ ಮುನ್ನ ಗಂಜಿ ಕುಡಿಸಲು ಹೊರಟ ಸೊಸೆಯು, ಅಂದಿನ ಮೂವತ್ತು ಪುಟಗಳು ಉಳಿದವೆಂದು ಮನಸ್ಸಿನಲ್ಲಿ ಸಿಡಿಮಿಡಿಗೊಂಡರೆ ಅವಳು ಎರಡನ್ನೂ ಕಳೆದುಕೊಳ್ಳುತ್ತಾಳೆ. ಸೇವೆಯಲ್ಲಿ ಪ್ರೀತಿಯಿಲ್ಲ, ಓದಿನಲ್ಲಿ ಶಾಂತಿಯಿಲ್ಲ. ಪುಸ್ತಕವನ್ನು ಕಣ್ಣಿಗೊತ್ತಿಕೊಂಡು ಪೀಠದ ಮೇಲಿಟ್ಟು ಸಮಾಧಾನದಿಂದ ಹೊರಟವಳು ಓದಿದುದನ್ನೇ ಆಚರಿಸಿದಂತಾಯಿತು.

ಇಲ್ಲಿ ಒಂದು ಆಕ್ಷೇಪವು ಏಳುವುದು ಸಹಜ. ಕಷ್ಟ ಬಂದಾಗಲೆಲ್ಲ ನಿಯಮವನ್ನು ಸಡಿಲಿಸುತ್ತ ಹೋದರೆ ನಿಯಮಕ್ಕೆ ಅರ್ಥವೇನು? ಕಷ್ಟದಲ್ಲಿ ಕೈಹಿಡಿಯಬೇಕಾದ ಸ್ವಾಧ್ಯಾಯವನ್ನು ಕಷ್ಟದಲ್ಲಿಯೇ ಬಿಡುವುದೇ? ಈ ಆಕ್ಷೇಪದಲ್ಲಿ ಬಲವಿದೆ. ಇಷ್ಟವಿಯೋಗ, ಅನಿಷ್ಟಸಂಯೋಗ, ವೇದನೆ ಇವು ಆರ್ತಧ್ಯಾನಕ್ಕೆ ಎಡೆಗಳು. ದುಃಖದಲ್ಲಿ ಬರಿದಾಗಿ ಬಿಟ್ಟ ಮನಸ್ಸು ಆ ಕಡೆಗೇ ಹರಿಯುತ್ತದೆ. ಆದುದರಿಂದ ಓದನ್ನು ಪೂರ್ಣವಾಗಿ ತೊರೆಯುವುದು ಯುಕ್ತವಲ್ಲ. ಪರೀಕ್ಷಿಸಬೇಕಾದುದು ಅಶಕ್ತಿ ಯಾವುದು, ಪ್ರಮಾದ ಯಾವುದು ಎಂಬುದನ್ನು. ರೋಗಿಯ ಬಳಿ ಎಚ್ಚರವಿದ್ದು ಕಣ್ಣು ಮುಚ್ಚಿಹೋದರೆ ಅದು ಅಶಕ್ತಿ. ಓದಿಗೆ ಸಮಯವಿಲ್ಲವೆಂದವನು ಅರ್ಧರಾತ್ರಿಯವರೆಗೆ ಮೊಬೈಲಿನಲ್ಲಿ ಕಾಲ ಕಳೆದರೆ ಅದು ಪ್ರಮಾದ. ಈ ನಿರ್ಣಯವನ್ನು ನೆರೆಹೊರೆಯವರು ಮಾಡಲಾರರು, ಸ್ವತಃ ಅವನೇ ಮಾಡಿಕೊಳ್ಳಬೇಕು. ಸಂಜೆಯ ಪ್ರತಿಕ್ರಮಣವು ಇದಕ್ಕೆ ತಕ್ಕ ವೇಳೆ.

ಶಕ್ತಿ ಕುಂದಿದಾಗ ಓದು ಹೇಗೆ ಉಳಿಯಬೇಕೆಂಬುದನ್ನೂ ಶಾಸ್ತ್ರವು ಸೂಚಿಸಿದೆ. ಸ್ವಾಧ್ಯಾಯಕ್ಕೆ ವಾಚನಾ, ಪೃಚ್ಛನಾ, ಅನುಪ್ರೇಕ್ಷಾ, ಆಮ್ನಾಯ, ಧರ್ಮೋಪದೇಶ ಎಂಬ ಐದು ಅಂಗಗಳಿವೆ. ಪುಟಗಳ ಲೆಕ್ಕಕ್ಕೆ ಸಿಕ್ಕುವುದು ವಾಚನೆಯೊಂದೇ. ತಿಳಿಯದುದನ್ನು ಕೇಳುವುದು, ಓದಿದುದನ್ನು ಮನನ ಮಾಡುವುದು, ಕಂಠಪಾಠವಾದುದನ್ನು ಶುದ್ಧವಾಗಿ ಹೇಳಿಕೊಳ್ಳುವುದು, ಇತರರಿಗೆ ತಿಳಿಯಹೇಳುವುದು ಇವಕ್ಕೆ ಪುಟವೂ ಬೇಡ, ದೀಪವೂ ಬೇಡ. ದಿಗಂಬರ ಪಾಠದಂತೆ ತತ್ತ್ವಾರ್ಥಸೂತ್ರದಲ್ಲಿ 357 ಸೂತ್ರಗಳಿವೆ. ದಿನಕ್ಕೊಂದು ಸೂತ್ರದಂತೆ ಒಂದು ವರ್ಷದಲ್ಲಿ ಇಡೀ ಗ್ರಂಥ ಮುಗಿದು ಎಂಟು ದಿನಗಳು ಉಳಿಯುತ್ತವೆ. ರತ್ನಕರಂಡಕದ 150 ಶ್ಲೋಕಗಳಿಗೆ ಐದು ತಿಂಗಳು ಸಾಕು. ಆಸ್ಪತ್ರೆಯ ಬಾಗಿಲಲ್ಲಿ ಕುಳಿತವನಿಗೂ ಒಂದು ಸೂತ್ರವು ಭಾರವಾಗದು.

ನಡುವೆ ಕೆಲವು ಕಾಲ ಓದೇ ನಿಂತರೂ ಎಲ್ಲವೂ ಮುಗಿಯಿತೆಂದು ಕುಗ್ಗಬೇಕಾಗಿಲ್ಲ. ಷಟ್ಖಂಡಾಗಮದ ಧವಲಾ ಟೀಕೆಯ ತಾಳೆಗರಿ ಪ್ರತಿಗಳು ಮೂಡಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಬಹುಕಾಲ ದರ್ಶನಕ್ಕೂ ಪೂಜೆಗೂ ಮಾತ್ರ ಒದಗುತ್ತಿದ್ದವು. ಓದುವವರು ವಿರಳರಾಗಿದ್ದರು. ಆದರೂ ಅವನ್ನು ಕಾಯ್ದವರ ಆದರವು ಬತ್ತಲಿಲ್ಲ. 1939ರಲ್ಲಿ ಡಾ. ಹೀರಾಲಾಲ್ ಜೈನ್ ಅವರ ಸಂಪಾದಕತ್ವದಲ್ಲಿ ಮೊದಲ ಸಂಪುಟ ಅಚ್ಚಾಗಿ, ಕ್ರಮೇಣ ಹದಿನಾರು ಸಂಪುಟಗಳು ಹೊರಬಂದವು. ಕಾಯ್ದಿಟ್ಟ ಶ್ರುತವು ಕಾಲ ಕೂಡಿದಾಗ ಮತ್ತೆ ನುಡಿಯಿತು. ಒಂದು ಮನೆಯಲ್ಲಿ ಆರು ತಿಂಗಳು ಮುಚ್ಚಿದ್ದ ಗ್ರಂಥಕ್ಕೂ ಇದೇ ಮಾತು ಸಲ್ಲುತ್ತದೆ.

ಆದುದರಿಂದ ವರ್ಷದ ನಿಯಮವನ್ನು ಹಿಡಿಯುವ ಶ್ರಾವಕ ಶ್ರಾವಿಕೆಯರು ಸುಖದ ದಿನಗಳ ಉತ್ಸಾಹದಿಂದ ಸಂಖ್ಯೆಯನ್ನು ನಿಶ್ಚಯಿಸದೆ, ಕಷ್ಟದ ದಿನದಲ್ಲಿಯೂ ನಡೆಸಬಲ್ಲ ಅಲ್ಪಪ್ರಮಾಣವನ್ನು ನಿಯಮವಾಗಿಯೂ, ಅದಕ್ಕಿಂತ ಹೆಚ್ಚಿನದನ್ನು ಭಾವನೆಯಾಗಿಯೂ ಇಟ್ಟುಕೊಳ್ಳುವುದು ಕ್ಷೇಮಕರ. ಇಡೀ ವರ್ಷವು ಭಾರವೆನಿಸಿದರೆ ಒಂದು ಮಾಸ, ಅದೂ ಭಾರವಾದರೆ ಒಂದು ಪಕ್ಷ. ಮುಗಿದ ಮೇಲೆ ಮತ್ತೆ ಹೊಸದಾಗಿ ಸ್ವೀಕರಿಸಬಹುದು. ವರ್ಷಾಂತ್ಯದಲ್ಲಿ ಪಟ್ಟಿಯು ಚಿಕ್ಕದಾಗಿದ್ದರೆ ಇದ್ದಂತೆಯೇ ಇರಲಿ. ಅದರಲ್ಲಿ ಬರೆದಿರುವ ಪ್ರತಿಯೊಂದು ಹೆಸರೂ ನಿಜವಾಗಿ ಓದಿದ ಗ್ರಂಥದ್ದಾಗಿರಲಿ.