ಬೋರ್ಡಿನಲ್ಲಿ ಕನ್ನಡ ಹೇಗಿದೆ?

ವೈಟ್‌ಫೀಲ್ಡ್, ಸರ್ಜಾಪುರ ರಸ್ತೆ, ಯಲಹಂಕ... ಬೆಂಗಳೂರಿನ ಅಂಚಿನ ಯಾವ ವಾಣಿಜ್ಯ ಸಂಕೀರ್ಣದ ಮುಂದೆ ನಿಂತರೂ ಈಗ ಕನ್ನಡ ಕಾಣುತ್ತದೆ. ನಾಮಫಲಕದ ಶೇ 60ರಷ್ಟು ಭಾಗ ಕನ್ನಡಕ್ಕೆ, ಅದೂ ಮೇಲ್ಭಾಗದಲ್ಲೇ ಎಂದು 2024ರ ತಿದ್ದುಪಡಿ ಕಾಯ್ದೆ ಹೇಳಿದ ಮೇಲೆ ಸಾಲು ಸಾಲು ಬೋರ್ಡುಗಳು ಬದಲಾದವು. ಹೋರಾಡಿ ಪಡೆದ ಜಾಗ ಅದು. ಆದರೆ ಅಲ್ಲಿ ಕೂತ ಅಕ್ಷರಗಳನ್ನು ನೋಡಿದರೆ ಸಂಕಟವಾಗುತ್ತದೆ.

ಇಂಗ್ಲಿಷ್ ಹೆಸರನ್ನು ದಪ್ಪ, ಅಂತರ, ಬಣ್ಣ ಎಲ್ಲವನ್ನೂ ಲೆಕ್ಕ ಹಾಕಿ ಬರೆಸಿರುತ್ತಾರೆ. ಕನ್ನಡಕ್ಕೆ ಮೊದಲು ಕೈಗೆ ಸಿಕ್ಕ ಫಾಂಟೇ ಗತಿ. ಜಾಗ ತುಂಬಲೆಂದು ಅದನ್ನು ಅಡ್ಡಡ್ಡ ಎಳೆದಾಗ ದುಂಡಗಿನ ಅಕ್ಷರಗಳು ಚಪ್ಪಟೆಯಾಗುತ್ತವೆ. ಒತ್ತಕ್ಷರದ ಪಾಡಂತೂ ಹೇಳತೀರದು. ‘ಬಟ್ಟೆ’ ಎಂಬುದು ‘ಬಟ್‌ಟೆ’ ಆಗಿ ನಿಂತಿರುವುದನ್ನು ನೀವೂ ನೋಡಿರುತ್ತೀರಿ. ಬರೆಸಿದವರಿಗೆ ಕಾಗುಣಿತ ಬಾರದೆಂದಲ್ಲ. ನಮ್ಮ ಲಿಪಿಗಳನ್ನು ಜೋಡಿಸಲು ಬಾರದ ವಿನ್ಯಾಸ ತಂತ್ರಾಂಶಕ್ಕೆ ಯೂನಿಕೋಡ್ ಪದವನ್ನು ತಂದು ಹಾಕಿದರೆ ಒತ್ತು ಕೆಳಗಿಳಿಯದೆ ಪಕ್ಕದಲ್ಲೇ ಉಳಿದುಬಿಡುತ್ತದೆ. ಅದನ್ನು ಯಾರೂ ತಿರುಗಿ ಓದಿ ನೋಡುವುದಿಲ್ಲ, ಅಷ್ಟೆ.

ಇನ್ನೊಂದು ಸೂಕ್ಷ್ಮವಿದೆ. ಇಂಗ್ಲಿಷಿನ ದೊಡ್ಡಕ್ಷರಗಳೆಲ್ಲ ಒಂದೇ ಎತ್ತರ. ಕೊಟ್ಟ ಪಟ್ಟಿಯನ್ನು ಪೂರ್ತಿ ತುಂಬುತ್ತವೆ. ಕನ್ನಡಕ್ಕೆ ಮೇಲೆ ಗುಡಿಸು ಬೇಕು, ಕೆಳಗೆ ಒತ್ತು ಬೇಕು. ಎರಡಡಿ ಪಟ್ಟಿಯಲ್ಲಿ ‘ಎಲೆಕ್ಟ್ರಾನಿಕ್ಸ್’ ಬರೆಸಿ ನೋಡಿ. ಕೆಳಗಿನ ಒತ್ತುಗಳಿಗೆ ಜಾಗ ಬಿಡಬೇಕಾಗಿ ಇಡೀ ಪದವೇ ಕುಗ್ಗುತ್ತದೆ. ಟೇಪು ಹಿಡಿದು ಅಳೆದರೆ ಶೇ 60 ಸರಿಯಾಗಿಯೇ ಇರುತ್ತದೆ. ಬಸ್ಸಿನಲ್ಲಿ ಕೂತವರ ಕಣ್ಣಿಗೆ ಬೀಳುವುದು ಇಂಗ್ಲಿಷೇ. ಬ್ರಷ್ ಹಿಡಿದು ಬೋರ್ಡು ಬರೆಯುತ್ತಿದ್ದ ಕಲಾವಿದರು ಒತ್ತನ್ನು ತುಸು ಕಿರಿದು ಮಾಡಿ, ಮೂಲಾಕ್ಷರವನ್ನು ಹಿಗ್ಗಿಸಿ, ಕಣ್ಣಳತೆಯಲ್ಲೇ ಇದನ್ನು ಸರಿದೂಗಿಸುತ್ತಿದ್ದರು. ಫ್ಲೆಕ್ಸ್ ಬಂದ ಮೇಲೆ ಅವರ ಕೈಗೆ ಕೆಲಸವೇ ಇಲ್ಲವಾಯಿತು.

ಒಳ್ಳೆಯ ಫಾಂಟ್ ಇಲ್ಲ ಎನ್ನುವ ಹಾಗೂ ಇಲ್ಲ. ಏಕ್ ಟೈಪ್ ಸಂಸ್ಥೆಯ ‘ಬಲೂ ತಮ್ಮ’ ದೂರಕ್ಕೂ ಎದ್ದು ಕಾಣುವ ದಪ್ಪಕ್ಷರ. ಅದೇ ಸಂಸ್ಥೆಯ ‘ಅನೇಕ್ ಕನ್ನಡ’ ತೆಳುವಿನಿಂದ ದಪ್ಪದವರೆಗೆ ಮಾತ್ರವಲ್ಲ, ಕಿರಿದರಿಂದ ಅಗಲದವರೆಗೂ ಸಿಗುತ್ತದೆ. ಅಕ್ಷರವನ್ನು ಹಿಡಿದು ಎಳೆಯುವ ಅಗತ್ಯವೇ ಬೀಳದು. ಎರಡೂ ಉಚಿತ.

ಅಂಗಡಿ ಮಾಲೀಕರಲ್ಲಿ ಕೇಳಿಕೊಳ್ಳುವುದು ಇಷ್ಟೇ: ಬೋರ್ಡಿಗೆ ಹಣ ಕೊಡುವ ಮುನ್ನ ಕನ್ನಡದ ಸಾಲನ್ನು ದೊಡ್ಡದಾಗಿ ಪ್ರಿಂಟ್ ತೆಗೆಸಿ, ರಸ್ತೆಯ ಆಚೆ ಬದಿಗೆ ಹೋಗಿ ಓದಿ ನೋಡಿ. ಓದಲು ಆಗದಿದ್ದರೆ ದಯವಿಟ್ಟು ಮತ್ತೆ ಬರೆಸಿ.