ಪ್ರಸಾದವೂ ಪಥ್ಯವೂ

ವೈದ್ಯರು ಬೇಡವೆಂದದ್ದನ್ನು ತಿನ್ನುವ ಮನುಷ್ಯ, ದೇವರಿಗೆ ಬಿಟ್ಟೆನೆಂದದ್ದನ್ನು ಮುಟ್ಟುವುದಿಲ್ಲ. ಸಕ್ಕರೆ ಬೇನೆಯೆಂದು ಚೀಟಿ ಬರೆಸಿಕೊಂಡು ಬಂದವರು ಸಂಜೆಯ ಚಹಕ್ಕೆ ಎರಡು ಚಮಚೆ ಹಾಕಿಸಿಕೊಳ್ಳುತ್ತಾರೆ; ಅವರೇ ಕಾಶಿಯಲ್ಲಿ ಬಿಟ್ಟುಬಂದ ಕಾಯಿಪಲ್ಯವನ್ನು ಇಪ್ಪತ್ತು ವರ್ಷ ಬಾಯಿಗೆ ಹಾಕಿರುವುದಿಲ್ಲ. ಹೀಗಿರುವಲ್ಲಿ, ಮನೆಮಂದಿಯ ಊಟವನ್ನು ತಿದ್ದಲು ದೇವರ ಹೆಸರನ್ನೇ ಏಕೆ ಬಳಸಬಾರದು? ಬಳಸಿದರೆ ಫಲಿಸೀತೆ ಎಂಬುದು ಒಂದು ಪ್ರಶ್ನೆ. ಬಳಸುವುದು ನ್ಯಾಯವೆ ಎಂಬುದು ಇನ್ನೊಂದು. ನನ್ನನ್ನು ಕಾಡುವುದು ಎರಡನೆಯದು.

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಕಡೆಯ ಊಟವೆಂದರೆ ಜೋಳದ ಊಟ. ಬಿಳಿಜೋಳದ ರೊಟ್ಟಿ, ಪುಂಡಿಪಲ್ಯ, ಕಾಳು, ಗುರೆಳ್ಳ ಹಿಂಡಿ, ಮೇಲಷ್ಟು ಮಜ್ಜಿಗೆ. ಘಟಪ್ರಭೆಯ ಕಾಲುವೆ ಬಂತು, ಕೃಷ್ಣೆಗೆ ಹಿಪ್ಪರಗಿಯ ಬ್ಯಾರೇಜು ಬಂತು. ಜೋಳದ ಹೊಲಗಳು ಕಬ್ಬಿನ ತೋಟಗಳಾದವು. ರೈತನ ಕೈಗೆ ನಾಲ್ಕು ಕಾಸು ಬಂತು. ಅದನ್ನು ಹಳಿಯುವುದು ಕೃತಘ್ನತೆ. ಆದರೆ ಹಬ್ಬದ ಹೋಳಿಗೆ ವಾರದ ಹೋಳಿಗೆಯಾಯಿತು. ಕುಣಿಮಗ್ಗದಲ್ಲಿ ಕೂತು ಕೈಕಾಲು ಆಡಿಸುತ್ತಿದ್ದ ನೇಕಾರನ ಮಗ ಪವರ್‌ಲೂಮಿನ ಗುಂಡಿ ಒತ್ತುವವನಾದ. ದುಡಿಮೆ ಇಳಿಯಿತು, ಸಿಹಿ ಏರಿತು. ದೇಶದಲ್ಲಿ ಮಧುಮೇಹಿಗಳು 10 ಕೋಟಿಗೂ ಮಿಕ್ಕಿದ್ದಾರೆಂದು 2023ರಲ್ಲಿ ಪ್ರಕಟವಾದ ಸಮೀಕ್ಷೆ ಹೇಳುತ್ತದೆ. ಬೆಲ್ಲದ ನಾಡಿನವರಾದ ನಮಗೆ ಇನ್ನೊಂದು ಸಮಾಧಾನವುಂಟು: ಸಕ್ಕರೆ ಕೆಟ್ಟದ್ದು, ಬೆಲ್ಲ ಏನೂ ಮಾಡದು ಎಂದು. ಎರಡೂ ಹುಟ್ಟುವುದು ಅದೇ ಕಬ್ಬಿನ ಹಾಲಿನಿಂದ. ರಕ್ತಕ್ಕೆ ಇಳಿದ ಮೇಲೆ ಅವುಗಳ ನಡತೆಯಲ್ಲಿ ಹೇಳಿಕೊಳ್ಳುವಂಥ ಭೇದವಿಲ್ಲ.

ಧರ್ಮದಲ್ಲಿ ಇದಕ್ಕೆ ಮದ್ದಿಲ್ಲವೆ? ಧಾರಾಳವಾಗಿದೆ. ಶರಣರ ಷಟ್‌ಸ್ಥಲದಲ್ಲಿ ಮೂರನೆಯದು ಪ್ರಸಾದಿಸ್ಥಲ. ಉಣ್ಣುವುದಕ್ಕೂ ಸಾಧನೆಯ ಮೆಟ್ಟಿಲುಗಳಲ್ಲಿ ಒಂದು ಸ್ಥಾನ ಕೊಟ್ಟವರು ಅವರು; ಅಲ್ಲಿ ಬೇಕಾದದ್ದು ಅವಧಾನ, ಎಂದರೆ ಮೈಮರೆಯದೆ ಉಣ್ಣುವುದು. ಮುಧೋಳದ ರನ್ನ ಜಿನಭಕ್ತ. ಹೊತ್ತು ಮುಳುಗುವ ಮುನ್ನ ಉಣ್ಣುವುದು, ಹೊಟ್ಟೆಯಲ್ಲಿ ತುಸು ಹಸಿವು ಉಳಿಸಿ ಏಳುವುದು ಅವನ ಧರ್ಮದಲ್ಲಿ ವ್ರತಗಳು. ಹೊಟ್ಟೆಯ ಮೂರರಲ್ಲೊಂದು ಪಾಲು ಅನ್ನಕ್ಕೆ, ಒಂದು ನೀರಿಗೆ, ಒಂದು ಉಸಿರಿಗೆ ಎಂಬ ಲೆಕ್ಕ ನಮ್ಮ ಮುಸಲ್ಮಾನ ನೆರೆಯವರಲ್ಲಿದೆ. ಭಗವದ್ಗೀತೆಯ ಹದಿನೇಳನೆಯ ಅಧ್ಯಾಯ ಆಹಾರವನ್ನು ಮೂರು ಬಗೆಯಾಗಿ ವಿಂಗಡಿಸುತ್ತದೆ. ದಾರಿಗಳು ಬೇರೆ, ಅನ್ನದ ಮುಂದೆ ಕೂತವನಿಗೆ ಅಳತೆಯ ಎಚ್ಚರವಿರಲಿ ಎಂಬ ಮಾತು ಒಂದೇ.

ಆದರೆ ಜಾತ್ರೆಯ ಗೋಧಿ ಹುಗ್ಗಿಯನ್ನು ಬಟ್ಟಲು ತುಂಬ ಬಡಿಸಿ, ಬೇಡವೆಂದರೆ ಪಾಪವೆನ್ನುವುದೂ ಧರ್ಮದ ಹೆಸರಿನಲ್ಲಿಯೇ. ಉಪವಾಸದ ದಿನ ಸಾಬೂದಾಣಿ ಉಸುಳಿ, ಕರಿದ ಬಟಾಟೆ, ಶೇಂಗಾದ ಉಂಡೆ ತಿಂದು, ಮಿಕ್ಕ ದಿನಕ್ಕಿಂತ ಭಾರವಾದ ಹೊಟ್ಟೆಯಲ್ಲಿ ಮಲಗುತ್ತೇವೆ. ಇದು ಹಿರಿಯರು ಹಾಕಿಕೊಟ್ಟದ್ದು, ಬದಲಿಸಬಾರದು ಎಂಬ ವಾದ ಸಿದ್ಧವಾಗಿರುತ್ತದೆ. ಸಾಬೂದಾಣಿಯ ಮರಗೆಣಸು, ಬಟಾಟೆ, ಶೇಂಗಾ, ಅದರ ಮೇಲೆ ಹಾಕುವ ಹಸಿಮೆಣಸಿನಕಾಯಿ ಇವೆಲ್ಲ ಅಮೆರಿಕಾ ಖಂಡಗಳ ಬೆಳೆಗಳು. 1492ಕ್ಕೆ ಮೊದಲು ನಮ್ಮ ಯಾವ ಅಜ್ಜನೂ ಕಂಡವುಗಳಲ್ಲ. ವ್ರತದ ತಟ್ಟೆ ಒಮ್ಮೆ ಬದಲಾಗಿದೆ ಎಂದಮೇಲೆ ಮತ್ತೊಮ್ಮೆ ಬದಲಾಗಲು ಅಡ್ಡಿಯೇನು?

ನಾನು ಬಲ್ಲ ಒಂದು ಮನೆಯಲ್ಲಿ ಮುದುಕಿಗೆ ಸಕ್ಕರೆ ಬೇನೆ. ಪ್ರಸಾದವೆಂದು ಬಂದ ಸಿಹಿಯನ್ನು ಆಕೆ ಒಲ್ಲೆನ್ನುವವಳಲ್ಲ. ಮಗ ಒಂದು ಉಪಾಯ ಹೂಡಿದ. "ಕನಸಿನ್ಯಾಗ ಬಸವಣ್ಣ ಬಂದು ಸಿಹಿ ಬಿಡು ಅಂದಾನ ಅಂತ ಅವ್ವಗ ಹೇಳೂಣು" ಎಂದ. ಹೆಂಡತಿ ಒಪ್ಪಲಿಲ್ಲ. "ಬ್ಯಾಡ್ರಿ. ಅತ್ತಿಯವರು ನಂಬತಾರ, ಅದಕ್ಕ ಬ್ಯಾಡ."

ಈ ಮಾತಿನಲ್ಲಿ ಇಡೀ ಪ್ರಶ್ನೆಯ ಉತ್ತರವಿದೆಯೆಂದು ನನಗೆ ತೋರುತ್ತದೆ. ನಂಬದವನಿಗೆ ಹೇಳಿದ ಸುಳ್ಳು ಬರಿಯ ಸುಳ್ಳು. ನಂಬುವವಳಿಗೆ ದೇವರ ಹೆಸರಿನಲ್ಲಿ ಹೇಳಿದ ಸುಳ್ಳು ಅವಳ ನಂಬಿಕೆಯನ್ನೇ ಕದ್ದಂತೆ. ಅಂಜಿ ಬಿಟ್ಟದ್ದು ವ್ರತವಾಗದು. ತಿಳಿದು ತಾನಾಗಿ ಬಿಟ್ಟದ್ದು ಮಾತ್ರ ವ್ರತ. ಒಳ್ಳೆಯದಕ್ಕಾಗಿಯೇ ಹೇಳಿದೆನೆಂದರೂ, ಆ ತಿಳಿಯುವ ಅಧಿಕಾರವನ್ನು ಆಕೆಯಿಂದ ಕಿತ್ತುಕೊಂಡದ್ದು ಸುಳ್ಳಾಗುವುದಿಲ್ಲ.

ಸೊಸೆ ಮಾಡಿದ್ದು ಇಷ್ಟೆ. ಪೂಜೆಗೆ ಬಂದ ಅಯ್ಯನವರನ್ನು ಅತ್ತೆಯ ಎದುರಿಗೇ ಕೇಳಿದಳು: "ಪ್ರಸಾದ ಬಟ್ಟಲ ತುಂಬ ತಗೊಂಡ್ರ ಹೆಚ್ಚು, ಕಣ ತಗೊಂಡ್ರ ಕಡಿಮಿ ಏನ್ರಿ?" ಅವರೆಂದರು: "ಪ್ರಸಾದಕ್ಕ ತೂಕ ಎಲ್ಲೈತಿ ತಾಯಿ? ಕಣಾನೂ ಪ್ರಸಾದನ." ಮುದುಕಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾರ ಮನ್ಯಾಗ ಎಲ್ಲಾರಿಗೂ ಕಣಾನ" ಎಂದಳಂತೆ. ಅಂದಿನಿಂದ ಆ ಮನೆಯಲ್ಲಿ ದೇವರ ಎಡೆಗೆ ರೊಟ್ಟಿ, ಪಲ್ಯ, ಹೆಸರುಬೇಳೆಯ ಕೋಸಂಬರಿ. ಸಿಹಿ ಬೆರಳ ತುದಿಯಷ್ಟು. ಎಡೆಯಾದದ್ದನ್ನೇ ಉಣ್ಣುವ ಮನೆಯಾದ್ದರಿಂದ ಮಕ್ಕಳ ತಟ್ಟೆಯೂ ಹಾಗೆಯೇ ಬದಲಾಯಿತು.

"ಎಲ್ಲಾರಿಗೂ" ಎಂಬ ಆ ಶಬ್ದ ಮುಖ್ಯವಾದದ್ದು. ನಮ್ಮಲ್ಲಿ ವ್ರತದ ಭಾರವೆಲ್ಲ ಹೆಣ್ಣುಮಕ್ಕಳ ಮೇಲೆ. ಗಂಡನ ಆಯುಷ್ಯಕ್ಕೆ, ಮಗನ ಪರೀಕ್ಷೆಗೆ ಉಪವಾಸ ಮಾಡುವವಳು ಅವಳೇ. ಉಳಿದ ದಿನ ಎಲ್ಲರದಾದ ಮೇಲೆ ಉಳಿದದ್ದನ್ನು ಉಣ್ಣುವವಳೂ ಅವಳೇ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದಲ್ಲಿ 15ರಿಂದ 49 ವರ್ಷದ ಸ್ತ್ರೀಯರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ. ಅಂಥವಳಿಗೆ ಇನ್ನೊಂದು ಸೋಮವಾರ ಹೇರುವುದು ಭಕ್ತಿಯಲ್ಲ. ಅವಳಿಗೆ ಬೇಕಾದ ವ್ರತವೆಂದರೆ ಎಲ್ಲರ ಪಂಕ್ತಿಯಲ್ಲಿ ಕೂತು ಬಿಸಿ ರೊಟ್ಟಿ, ಸೊಪ್ಪು, ಕಾಳು ಉಣ್ಣುವುದು. ಮಧುಮೇಹಕ್ಕೆ ಗುಳಿಗೆ, ಇನ್ಸುಲಿನ್ ತೆಗೆದುಕೊಳ್ಳುವವರು ಬರಿಹೊಟ್ಟೆಯಲ್ಲಿ ಉಳಿದರೆ ಸಕ್ಕರೆ ತೀರ ಇಳಿದು ಪ್ರಾಣಕ್ಕೆ ಸಂಚಕಾರ ಬಂದೀತು. ಅವರು ವೈದ್ಯರನ್ನು ಕೇಳಿಯೇ ಉಪವಾಸದ ಮಾತೆತ್ತಬೇಕು.

ಕೊನೆಗೊಂದು ಎಚ್ಚರಿಕೆ. ಭಕ್ತಿಯನ್ನು ರಕ್ತಪರೀಕ್ಷೆಯ ಚೀಟಿಯಿಂದ ಅಳೆಯತೊಡಗಿದರೆ ದೇವರು ಔಷಧದ ಬಾಟಲಿಯಾಗುತ್ತಾನೆ. ನೇಮದಿಂದ ಉಂಡವರಿಗೂ ಬೇನೆ ಬರುತ್ತದೆ, ಅವರು ಪಾಪಿಗಳಲ್ಲ. ಬೇಕಾದ್ದು ಉಂಡು ನೂರು ವರ್ಷ ಬಾಳಿದವರಿದ್ದಾರೆ, ಅವರು ಪುಣ್ಯವಂತರೆಂದಲ್ಲ. ದೇಹ ಉಳಿಯಲೆಂದು ದೇವರನ್ನು ನಂಬುವುದಲ್ಲ. ನಂಬಿದವನು ತನಗೆ ದೊರೆತ ದೇಹವನ್ನೂ ತನ್ನೊಡನೆ ಉಣ್ಣುವವರನ್ನೂ ಅಸಡ್ಡೆ ಮಾಡಲಾರ. ಅಡುಗೆಮನೆಯಲ್ಲಿ ಧರ್ಮಕ್ಕೆ ಇಷ್ಟು ಕೆಲಸ ಸಾಕು.