ಏನೂ ಆಗಲ್ಲ, ಹಾರು

ಕಳೆದ ಮಳೆಗಾಲದ ಒಂದು ಭಾನುವಾರ ಬೆಳಿಗ್ಗೆ, ಹದಿನೇಳು ವರ್ಷದ ಹುಡುಗನೊಬ್ಬ ನನ್ನ ಮಾತು ಕೇಳಿ ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ ಹಾರಿ ಕೈ ಮುರಿದುಕೊಂಡ. ಹಾರುವ ಮುಂಚೆ ಅವನು ಕೇಳಿದ್ದು ಇಷ್ಟೇ: “ಅಕ್ಕಾ, ಆಗುತ್ತಾ?” ನಾನು ಹೇಳಿದ್ದೂ ಇಷ್ಟೇ: “ಏನೂ ಆಗಲ್ಲ, ಹಾರು.”

ಈ ಎರಡು ಮಾತು ನನ್ನನ್ನು ತಿಂಗಳುಗಟ್ಟಲೆ ಕಾಡಿವೆ. ಅವನು ಕೇಳಿದ್ದು ‘ನನ್ನಿಂದ ಆಗುತ್ತಾ?’ ಅಂತ. ನಾನು ಹೇಳಿದ್ದು ‘ನಿನಗೇನೂ ಆಗಲ್ಲ’ ಅಂತ. ‘ಆಗು’ ಎನ್ನುವ ಒಂದೇ ಕ್ರಿಯಾಪದದ ಮರೆಯಲ್ಲಿ ಪ್ರಶ್ನೆಯೊಂದು, ಉತ್ತರ ಇನ್ನೊಂದು. ಅವನ ಪ್ರಶ್ನೆ ತನ್ನ ಶಕ್ತಿಯ ಬಗ್ಗೆ, ನನ್ನ ಉತ್ತರ ಅಪಾಯದ ಬಗ್ಗೆ. ನಿಜ ಹೇಳಬೇಕೆಂದರೆ ಆ ಗಳಿಗೆಯಲ್ಲಿ ನನಗೆ ಎರಡೂ ತಿಳಿದಿರಲಿಲ್ಲ.

ನಾನು ತತ್ವಶಾಸ್ತ್ರದಲ್ಲಿ ಪಿಎಚ್.ಡಿ. ಮಾಡುತ್ತಿರುವವಳು. ಮೂರು ವರ್ಷ ಗ್ರಂಥಾಲಯದ ಕುರ್ಚಿಯಲ್ಲಿ ಕೂತು ಬೆನ್ನುನೋವು ಹಚ್ಚಿಕೊಂಡ ಮೇಲೆ, ಬೆಂಗಳೂರಿನ ನಮ್ಮ ಬಡಾವಣೆಯ ಮೈದಾನದಲ್ಲಿ ವಾರಕ್ಕೆ ಎರಡು ದಿನ ಪಾರ್ಕೌರ್ ಅಭ್ಯಾಸ ಮಾಡುವ ಗುಂಪಿಗೆ ಸೇರಿಕೊಂಡೆ. ಪಾರ್ಕೌರ್ ಎಂದರೆ ದಾರಿಗಡ್ಡ ಬರುವ ಗೋಡೆ, ಕಟ್ಟೆ, ಕಂಬಿಗಳನ್ನು ಸುತ್ತಿಕೊಂಡು ಹೋಗದೆ, ಓಡಿ ಹಾರಿ ಹತ್ತಿ ದಾಟುವ ವಿದ್ಯೆ. ಕಟ್ಟಡದಿಂದ ಕಟ್ಟಡಕ್ಕೆ ಜಿಗಿಯುವ ವಿಡಿಯೊಗಳನ್ನು ನೋಡಿದವರಿಗೆ ಇದು ಹುಚ್ಚಾಟ ಅನ್ನಿಸಬಹುದು. ಆದರೆ ಕಲಿಯುವವರ ದಿನಗಳು ಹೆಚ್ಚಾಗಿ ಕಳೆಯುವುದು ಎದೆಮಟ್ಟದ ಗೋಡೆಗಳ ಮುಂದೆಯೇ.

ಗೋಡೆಗೆ ಹಾರಿ ನೇತುಬೀಳುವ ಪಟ್ಟಿಗೆ ಇಂಗ್ಲಿಷಿನಲ್ಲಿ ‘ಕ್ಯಾಟ್ ಲೀಪ್’ ಎನ್ನುತ್ತಾರೆ, ಫ್ರೆಂಚಿನಲ್ಲಿ ಅದು ತೋಳಿನ ಜಿಗಿತ. ಹೆಸರಿನಲ್ಲಿ ತೋಳಿದ್ದರೂ ಅದರ ಗುಟ್ಟಿರುವುದು ಕಾಲಿನಲ್ಲಿ. ಕೈಗಿಂತ ಒಂದು ಕ್ಷಣ ಮೊದಲು ಪಾದ ಗೋಡೆಗೆ ತಾಗಬೇಕು. ಹಾರಿ ಬಂದ ವೇಗವನ್ನು ಮಡಿಸಿದ ಮಂಡಿಗಳು ಹೀರಿಕೊಂಡರೆ ಕೈಗೆ ಉಳಿಯುವುದು ಮೈಭಾರ ಮಾತ್ರ. ಕೈ ಮೊದಲು ತಾಗಿತೋ, ಇಡೀ ಮೈ ಉಯ್ಯಾಲೆಯ ಹಾಗೆ ಬೀಸಿ ಗೋಡೆಗೆ ಬಡಿಯುತ್ತದೆ, ಬೆರಳು ಕಿತ್ತು ಬರುತ್ತವೆ. ಹಿಡಿತದ್ದೂ ಹೀಗೆಯೇ ಒಂದು ಲೆಕ್ಕ. ನಾಲ್ಕು ಬೆರಳು ಅಂಚಿನ ಮೇಲೆ ಕೊಕ್ಕೆಯಂತೆ ಬಾಗಬೇಕು, ಅಂಗೈಯ ಚರ್ಮ ಅಂಚಿಗೆ ಸಿಕ್ಕಿ ಮಡಿಚಿಕೊಳ್ಳಬಾರದು. ಮಡಿಚಿಕೊಂಡರೆ ಬೆರಳಿನ ಬುಡದ ಜಡ್ಡು ಸಿಪ್ಪೆಯಂತೆ ಸುಲಿದು ಹೋಗುತ್ತದೆ, ಆಮೇಲೆ ವಾರಗಟ್ಟಲೆ ಸಾರನ್ನ ಕಲಸುವುದೂ ಕಷ್ಟ.

ಬಿಡದ ಹಿಡಿತಕ್ಕೆ ನಾವು ‘ಉಡದ ಪಟ್ಟು’ ಎನ್ನುತ್ತೇವೆ. ಉಡದ ಸೊಂಟಕ್ಕೆ ಹಗ್ಗ ಕಟ್ಟಿ ಕೋಟೆ ಹತ್ತುತ್ತಿದ್ದರು ಎಂಬ ಕಥೆಯನ್ನು ಚಿಕ್ಕಂದಿನಲ್ಲಿ ಕೇಳಿದವರೇ ಎಲ್ಲ. ಮೊದಲ ದಿನ ನಾನೂ ಹಾಗೆಯೇ ಗೋಡೆಯನ್ನು ಅವಚಿಕೊಂಡೆ. ನಮಗೆ ಕಲಿಸುವಾತ ನನಗಿಂತ ನಾಲ್ಕು ವರ್ಷ ಚಿಕ್ಕವನು, ವಾರದ ದಿನಗಳಲ್ಲಿ ಮನೆಮನೆಗೆ ಊಟದ ಪೊಟ್ಟಣ ತಲುಪಿಸುವ ಕೆಲಸ. ಅವನು ಹೇಳಿದ: “ಮೊದಲು ಬಿಡೋದು ಕಲೀರಿ ಮೇಡಂ. ಹಿಡಿಯೋದು ಆಮೇಲೆ.” ಎರಡು ವಾರ ಬರೀ ಅದನ್ನೇ ಮಾಡಿಸಿದ. ಗೋಡೆಗೆ ನೇತುಬೀಳುವುದು, ಒಂದು ಕಾಲಿನಿಂದ ಗೋಡೆಯನ್ನು ಮೆಲ್ಲಗೆ ಒತ್ತಿ ಮೈ ತಿರುಗಿಸುವುದು, ಕೈ ಬಿಟ್ಟು ಮಂಡಿ ಮಡಿಸಿ ಇಳಿಯುವುದು. ನಾನು ಹಾರಲು ಕಲಿತದ್ದು, ಬೀಳುವುದು ಅಭ್ಯಾಸವಾದ ಮೇಲೆ.

ನನ್ನ ಮೊದಲ ಹಾರಾಟದ ದಿನ ನಾನೂ ಅವನನ್ನು “ಆಗುತ್ತಾ?” ಎಂದು ಕೇಳಿದ್ದೆ. ಅವನು ಉತ್ತರಿಸಲಿಲ್ಲ. ಗೋಡೆಯ ಮೇಲಂಚನ್ನು ಅಂಗೈಯಿಂದ ಒರೆಸಿ ಧೂಳು ತೆಗೆದ, ಶೂ ಗೋಡೆಗೆ ಒತ್ತಿ ಜಾರುತ್ತದೆಯೋ ನೋಡಿದ. ಆಮೇಲೆ ಗೋಡೆಯ ಕೆಳಗೆ ಬಂದು ನಿಂತು, “ಕೈ ಸಿಗಲಿಲ್ಲ ಅಂದರೆ ಎಡಕ್ಕೆ ತಿರುಗಿ, ನಾನಿಲ್ಲಿದ್ದೀನಿ” ಅಂದ.

ಅಷ್ಟು ಕಂಡಿದ್ದೂ ನಾನು ಆ ಭಾನುವಾರ ಮಾಡಿದ್ದೇನು? ಅವತ್ತು ಅವನು ಬರುವುದು ತಡವಾಗಿತ್ತು. ಹಿಂದಿನ ರಾತ್ರಿ ಸೋನೆ ಹಿಡಿದಿತ್ತು. ಹುಡುಗ ಹೊಸಬ, ಎರಡನೇ ಪಿಯುಸಿ, ಸೇರಿ ಮೂರು ವಾರವಾಗಿತ್ತು. ಮೂರಡಿ ಎತ್ತರದ ಮೋಟುಗೋಡೆಯ ಮೇಲೆ ನಿಂತಿದ್ದ. ಎದುರಿಗೆ, ಆರಡಿಯಾಚೆ, ಏಳಡಿಯ ಗೋಡೆ. ಹಿಂದಿನ ವಾರವಷ್ಟೇ ನಾನು ಅದನ್ನು ಹಾರಿದ್ದೆ. ಆ ಹೆಮ್ಮೆ ಇನ್ನೂ ಹಸಿಯಾಗಿತ್ತು. ಗೋಡೆಯನ್ನು ನಾನು ಮುಟ್ಟಿ ನೋಡಲಿಲ್ಲ. ಅದರ ಕೆಳಗೆ ಹೋಗಿ ನಿಲ್ಲಲೂ ಇಲ್ಲ. ಹತ್ತು ಹೆಜ್ಜೆ ದೂರದ ಕಲ್ಲುಬೆಂಚಿನ ಮೇಲೆ ಕೂತು ಶೂ ಲೇಸು ಕಟ್ಟಿಕೊಳ್ಳುತ್ತಲೇ ಹೇಳಿದೆ, ಏನೂ ಆಗಲ್ಲ ಎಂದು. ಅವನ ಕೈ ಮೊದಲು ತಾಗಿತು, ಕಾಲು ಪಾಚಿಯ ಮೇಲೆ ಜಾರಿತು. ಹಿಮ್ಮುಖವಾಗಿ ಬಿದ್ದವನು ಎಡಗೈ ಊರಿದ.

ಕನ್ನಡದಲ್ಲಿ ಧೈರ್ಯವನ್ನು ‘ಹೇಳುತ್ತೇವೆ’. ಧೈರ್ಯ ‘ತುಂಬುತ್ತೇವೆ’, ‘ಕೊಡುತ್ತೇವೆ’, ‘ತಂದುಕೊಳ್ಳುತ್ತೇವೆ’. ಧೈರ್ಯ ಒಬ್ಬರೊಳಗೇ ಹುಟ್ಟಿ ಅಲ್ಲೇ ಉಳಿಯುವಂಥದ್ದಲ್ಲ, ಬಾಯಿಂದ ಕಿವಿಗೆ ದಾಟುವ ವಸ್ತು ಎಂದು ಈ ಭಾಷೆ ನಂಬಿದಂತಿದೆ. ಹಾಗಿದ್ದರೆ ಕೊಡುವವರ ಕೈಯಲ್ಲಿ ಅದು ಇರಬೇಕಲ್ಲವೇ? ನನ್ನಲ್ಲಿರುವ ಧೈರ್ಯ ನನ್ನ ಕೈಕಾಲುಗಳ ಅಳತೆಯದ್ದು. ಅದನ್ನು ಇನ್ನೊಬ್ಬರ ಮೈಗೆ ತೊಡಿಸುವ ಅಧಿಕಾರ ನನಗೆ ಎಲ್ಲಿಂದ ಬಂತು?

ಅದೇ ವಾರ ಎಂ.ಎ. ವಿದ್ಯಾರ್ಥಿಗಳಿಗೆ ಪ್ಲೇಟೋನ ‘ಲ್ಯಾಕೆಸ್’ ಸಂವಾದದ ಪಾಠ ಮಾಡಬೇಕಿತ್ತು. ಧೈರ್ಯ ಎಂದರೇನು ಎಂಬ ಚರ್ಚೆ ಅದು ಎಂದು ಎಲ್ಲರಿಗೂ ಗೊತ್ತು. ಆದರೆ ಅದು ಶುರುವಾಗುವುದು ಇಬ್ಬರು ತಂದೆಯರ ಚಿಂತೆಯಿಂದ ಎನ್ನುವುದನ್ನು ನಾನು ಅಷ್ಟಾಗಿ ಗಮನಿಸಿರಲಿಲ್ಲ. ರಕ್ಷಾಕವಚ ತೊಟ್ಟು ಕಾದಾಡುವ ಹೊಸ ವಿದ್ಯೆಯೊಂದರ ಪ್ರದರ್ಶನ ನೋಡಿಬಂದ ಅವರು, ಇದನ್ನು ನಮ್ಮ ಮಕ್ಕಳಿಗೆ ಕಲಿಸಬಹುದೇ ಎಂದು ಲ್ಯಾಕೆಸ್ ಮತ್ತು ನಿಕಿಯಾಸ್ ಎಂಬ ಇಬ್ಬರು ದಂಡನಾಯಕರನ್ನು ಕೇಳುತ್ತಾರೆ. ಅಂದರೆ ಆ ಸಂವಾದದ ಬುಡದಲ್ಲಿರುವುದು, ಮಕ್ಕಳ ಮೈಯನ್ನು ಯಾರ ಮಾತಿನ ಮೇಲೆ ಅಪಾಯಕ್ಕೊಡ್ಡಬಹುದು ಎಂಬ ಪ್ರಶ್ನೆ.

ಲ್ಯಾಕೆಸ್‌ನ ಪ್ರಕಾರ ಧೈರ್ಯವೆಂದರೆ ಮನಸ್ಸಿನ ತಾಳಿಕೆ. ಸಾಕ್ರಟೀಸ್ ಕೇಳುತ್ತಾನೆ: ಬಾವಿಗೆ ಧುಮುಕುವುದು ಬಲ್ಲವನು ಧುಮುಕುವುದಕ್ಕೂ ಬಾರದವನು ಧುಮುಕುವುದಕ್ಕೂ ಹೋಲಿಸಿದರೆ, ಬಾರದವನೇ ಹೆಚ್ಚು ಧೈರ್ಯಶಾಲಿ ಅಲ್ಲವೇ? ಲ್ಯಾಕೆಸ್ ಹೌದೆನ್ನುತ್ತಾನೆ, ಹಾಗೆಂದು ಸಿಕ್ಕಿಬೀಳುತ್ತಾನೆ, ಏಕೆಂದರೆ ಅದು ಮೂರ್ಖತನವೂ ಹೌದು. ನಿಕಿಯಾಸ್‌ನದು ಬೇರೆ ವಾದ: ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಹೆದರಬೇಕಿಲ್ಲ ಎಂಬ ತಿಳಿವೇ ಧೈರ್ಯ. ಅದೂ ನಿಲ್ಲುವುದಿಲ್ಲ. ಸಂವಾದ ಉತ್ತರವಿಲ್ಲದೆ ಮುಗಿಯುತ್ತದೆ. ಇತಿಹಾಸ ಇದಕ್ಕೊಂದು ಕಹಿ ಅಡಿಟಿಪ್ಪಣಿ ಸೇರಿಸಿದೆ. ಕ್ರಿ.ಪೂ. 413ರಲ್ಲಿ ಸಿರಕ್ಯೂಸ್‌ನಿಂದ ಹಿಮ್ಮೆಟ್ಟಬೇಕಿದ್ದ ಅಥೆನ್ಸಿನ ಸೈನ್ಯವನ್ನು ಇದೇ ನಿಕಿಯಾಸ್ ಚಂದ್ರಗ್ರಹಣಕ್ಕೆ ಹೆದರಿ ಅಲ್ಲೇ ನಿಲ್ಲಿಸಿಕೊಂಡ. ಸೈನ್ಯ ನಾಶವಾಯಿತು, ಅವನೂ ಸತ್ತ. ಹೆದರಿಕೆಯ ತಿಳಿವನ್ನು ವ್ಯಾಖ್ಯಾನಿಸಿದವನು ಹೆದರಬಾರದ್ದಕ್ಕೆ ಹೆದರಿದ, ತನ್ನನ್ನು ನಂಬಿದವರನ್ನು ಸಾವಿಗೊಪ್ಪಿಸಿದ.

ಹುಡುಗನ ಮನೆಗೆ ಹೋದ ದಿನ ಅವನ ತಾಯಿ ಕಾಫಿ ಕೊಟ್ಟರು. ಬೈಯಲಿಲ್ಲ. ಬಾಗಿಲವರೆಗೆ ಬಂದು, “ನೀವು ಓದಿದವರು. ಸ್ವಲ್ಪ ಬುದ್ಧಿ ಹೇಳಬಾರದಿತ್ತೇನಮ್ಮ?” ಅಂದರು. ಧೈರ್ಯ ಹೇಳುವುದು, ಬುದ್ಧಿ ಹೇಳುವುದು. ನಮ್ಮಲ್ಲಿ ಇವೆರಡು ಎದುರುಬದುರು ನಿಲ್ಲುವ ಮಾತುಗಳು. ಮುನ್ನುಗ್ಗಬೇಕಾದವರಿಗೆ ಧೈರ್ಯ ಹೇಳುತ್ತೇವೆ, ತಡೆಯಬೇಕಾದವರಿಗೆ ಬುದ್ಧಿ ಹೇಳುತ್ತೇವೆ. ಇವು ಬೇರೆಬೇರೆಯಾದಾಗಲೇ ಎರಡೂ ಕೆಡುತ್ತವೆ ಎಂದು ಆ ಹೊಸ್ತಿಲಲ್ಲಿ ನಿಂತಾಗ ನನಗೆ ಅನ್ನಿಸಿತು. ನಿಕಿಯಾಸ್ ಹೇಳಲು ತಡವರಿಸಿದ್ದೂ ಇದನ್ನೇ ಇರಬಹುದು. ನಮ್ಮ ತರಬೇತುದಾರ ಗೋಡೆ ಒರೆಸಿ, ಎಡಕ್ಕೆ ತಿರುಗಿ ಎಂದಾಗ ನನಗೆ ಹೇಳಿದ್ದು ಧೈರ್ಯವೋ ಬುದ್ಧಿಯೋ? ಬಿಡಿಸಿ ಹೇಳಲಾರೆ.

ಪಾರ್ಕೌರ್‌ನ ಮೂಲವೂ ಇದನ್ನೇ ಸೂಚಿಸುವಂತಿದೆ. ಅದು ಈಗಿನ ರೂಪ ಪಡೆದದ್ದು ಪ್ಯಾರಿಸಿನ ಹೊರವಲಯದ ಎವ್ರಿ, ಲಿಸ್ ಎಂಬ ಊರುಗಳ ಹುಡುಗರಿಂದ. ಅವರಲ್ಲೊಬ್ಬ ಡೇವಿಡ್ ಬೆಲ್, 1973ರಲ್ಲಿ ಹುಟ್ಟಿದವನು. ಅವನಿಗೆ ಸ್ಫೂರ್ತಿ ತಂದೆ ರೇಮಂಡ್ ಬೆಲ್, ಪ್ಯಾರಿಸಿನ ಅಗ್ನಿಶಾಮಕ ದಳದವನು. ಅದಕ್ಕೂ ಹಿಂದೆ ಫ್ರೆಂಚ್ ನೌಕಾಪಡೆಯ ಅಧಿಕಾರಿ ಜಾರ್ಜ್ ಎಬೆರ್ ರೂಪಿಸಿದ ವ್ಯಾಯಾಮ ಪದ್ಧತಿಯಿದೆ. ಬಲಶಾಲಿಯಾಗಬೇಕು, ಏಕೆಂದರೆ ಇತರರ ಉಪಯೋಗಕ್ಕೆ ಬರಬೇಕು ಎಂಬುದು ಆತನ ಧ್ಯೇಯವಾಕ್ಯದ ತಿರುಳು. ಉರಿಯುವ ಮನೆಯ ಮಹಡಿಯಲ್ಲಿ ಸಿಕ್ಕಿಕೊಂಡವರಿಗೆ ಅಗ್ನಿಶಾಮಕದವರು “ಹಾರಿ” ಎಂದು ಕೂಗುವುದನ್ನು ಊಹಿಸಿಕೊಳ್ಳಿ. ನನ್ನ ಬಾಯಿಂದ ಬಂದದ್ದೂ ಅದೇ ಪದ. ಆದರೆ ಅವರು ಕೆಳಗೆ ಬಲೆ ಹಿಡಿದು ನಿಂತಿರುತ್ತಾರೆ. ನಾನು ಬೆಂಚಿನ ಮೇಲೆ ಕೂತಿದ್ದೆ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಆಕ್ಷೇಪವನ್ನು ಎದುರಿಸಲೇಬೇಕು. ಹೀಗೆ ಅಳೆದು ತೂಗಿ ನೋಡುತ್ತ ಕೂತರೆ ಯಾರು ಯಾರಿಗೆ ಧೈರ್ಯ ಹೇಳಲಾದೀತು? ಪರೀಕ್ಷೆಗೆ ಹೊರಟ ಮಗಳಿಗೆ, ಆಪರೇಷನ್ನಿಗೆ ಹೊರಟ ಅಪ್ಪನಿಗೆ ಏನೂ ಆಗಲ್ಲ ಎನ್ನುವಾಗ ನಮಗೆ ಏನು ತಿಳಿದಿರುತ್ತದೆ? ಏನೂ ಇಲ್ಲ. ಆದರೂ ಹೇಳುತ್ತೇವೆ, ಹೇಳಬೇಕು. ಅಲ್ಲಿ ಆ ಮಾತಿನ ಅರ್ಥ ‘ಏನಾದರೂ ನಾನಿದ್ದೇನೆ’ ಎಂದು. ಕೇಳಿಸಿಕೊಳ್ಳುವವರಿಗೂ ಅದು ಭರವಸೆಯೇ ಹೊರತು ಭವಿಷ್ಯವಾಣಿಯಲ್ಲ ಎಂಬುದು ಗೊತ್ತು. ನನ್ನ ತಪ್ಪು ‘ಏನೂ ಆಗಲ್ಲ’ ಎಂದದ್ದರಲ್ಲಿ ಇರಲಿಲ್ಲವೇನೋ. ಅದರ ಹಿಂದೆ ಇರಬೇಕಾದ ‘ನಾನಿದ್ದೇನೆ’ ಇರಲಿಲ್ಲ.

ಇನ್ನೊಂದು ಆಕ್ಷೇಪ ಹುಡುಗನದೇ. ಆಸ್ಪತ್ರೆಯಲ್ಲಿ ನಾನು “ನನ್ನಿಂದ ಹೀಗಾಯ್ತು” ಎಂದು ಅತ್ತಾಗ ಅವನು ಮುಖ ಗಂಟುಹಾಕಿದ. “ಹಾರಿದ್ದು ನಾನು ಅಕ್ಕಾ. ನೀವೇನು ತಳ್ಳಿದ್ರಾ?” ಸಮಾಧಾನದ ಮಾತು ಎಂದುಕೊಂಡಿದ್ದೆ. ಈಗ ಅದು ಪ್ರತಿಭಟನೆ ಅನ್ನಿಸುತ್ತದೆ. ತಪ್ಪನ್ನೆಲ್ಲ ನಾನೇ ಹೊತ್ತುಕೊಂಡರೆ ಅವನ ಜಿಗಿತವನ್ನೂ ಅವನಿಂದ ಕಿತ್ತುಕೊಂಡಂತೆ. ಆ ಕ್ಷಣದಲ್ಲಿ ಮೋಟುಗೋಡೆಯಿಂದ ಕಾಲೆತ್ತಿದ್ದು ಅವನ ಸಂಕಲ್ಪ. ಹಾಗೆಂದು ನನ್ನ ಪಾಲು ಕಡಿಮೆಯಾಗುವುದಿಲ್ಲ. ಒಂದೇ ಘಟನೆ ಪೂರ್ತಿ ಅವನದಾಗಿಯೂ ನನ್ನ ಲೆಕ್ಕದಿಂದ ಜಾರದೆ ಉಳಿಯಬಹುದು. ಪಾಲು ಮಾಡಿ ಹಂಚಲು ಇದು ಆಸ್ತಿಯಲ್ಲ.

ಆರು ವಾರಕ್ಕೆ ಪ್ಲಾಸ್ಟರ್ ಬಿಚ್ಚಿದರು. ಮತ್ತೂ ಎರಡು ತಿಂಗಳು ಬಿಟ್ಟು, ಅಮ್ಮನ ಒಪ್ಪಿಗೆ ಪಡೆದು ಅವನು ಮೈದಾನಕ್ಕೆ ಬಂದ. ಮಳೆ ಮುಗಿದಿತ್ತು, ಪಾಚಿ ಒಣಗಿ ಕಪ್ಪಾಗಿತ್ತು. ಮೋಟುಗೋಡೆ ಹತ್ತಿ ನಿಂತ. ಸ್ವಲ್ಪ ಹೊತ್ತು ಎದುರಿನ ಗೋಡೆಯನ್ನೇ ನೋಡಿ, ನನ್ನ ಕಡೆ ತಿರುಗಿ ಮತ್ತೆ ಅದೇ ಪ್ರಶ್ನೆ ಕೇಳಿದ: “ಅಕ್ಕಾ, ಆಗುತ್ತಾ?”

“ಗೊತ್ತಿಲ್ಲ ಕಣೋ,” ಅಂದೆ. “ಇಳಿ, ಮೊದಲು ಗೋಡೆ ನೋಡೋಣ.”

ಇಬ್ಬರೂ ಹೋಗಿ ಅಂಚನ್ನು ಕೈಯಿಂದ ಒರೆಸಿದೆವು. ಅವನು ಎಡಗೈ ಬೆರಳುಗಳನ್ನು ಅಂಚಿಗೆ ಕೊಕ್ಕೆ ಹಾಕಿ ನೇತುಬಿದ್ದು ನೋಡಿದ. ಮಣಿಕಟ್ಟು ಇನ್ನೂ ನೋಯುತ್ತಿತ್ತು. “ಇವತ್ತು ಬೇಡ ಅನ್ಸುತ್ತೆ,” ಅಂದ. ನೇತಾಡುತ್ತಿದ್ದವನು ಎಡಕ್ಕೆ ತಿರುಗಿ, ಮಂಡಿ ಮಡಿಸಿ ಇಳಿದ. ನಾನು ಕೆಳಗೇ ನಿಂತಿದ್ದೆ.